ಆಳೆತ್ತರದ ಜೋಳ, ಕಾಳು ಎಷ್ಟು?

ತಾಳವಾಡಿ ಕಡೆ ಮುಸುಕಿನ ಜೋಳದ ಹೊಲ ನೋಡಿದವರು ಮೊದಲು ಹೇಳುವುದು ಎತ್ತರದ ಮಾತು. ಆಳು ಮುಳುಗುವಷ್ಟು ಬೆಳೆದಿದ್ದರೆ ಫಸಲು ಜೋರು ಅಂತ ಲೆಕ್ಕ. (ಆನೆ ನುಗ್ಗದಿದ್ದರೆ!) ತಮಿಳುನಾಡಿನ ಈರೋಡು ಜಿಲ್ಲೆಯ ಈ ಕನ್ನಡ ಸೀಮೆಯನ್ನು ನೋಡಿ ಯಾರೂ ನಗಬೇಕಿಲ್ಲ. ನೂರು ವರ್ಷದ ಹಿಂದೆ ಅಮೆರಿಕದವರೂ ಕಣ್ಣಳತೆಯನ್ನೇ ನಂಬಿದ್ದರು.

ಅಲ್ಲಿ ತೆನೆಗಳಿಗೇ ಸ್ಪರ್ಧೆ ನಡೆಯುತ್ತಿತ್ತು. ಕಾಳಿನ ಸಾಲು ನೆಟ್ಟಗಿರಬೇಕು, ತುದಿವರೆಗೂ ಕಾಳು ತುಂಬಿರಬೇಕು. ಗೆದ್ದ ತೆನೆಯ ಬೀಜಕ್ಕೆ ಭಾರಿ ಬೆಲೆ. ಆದರೆ ಬಿತ್ತಿ, ಬೆಳೆದು, ತೂಗಿ ನೋಡಿದಾಗ ತೆನೆಯ ಚೆಂದಕ್ಕೂ ಎಕರೆಯ ಇಳುವರಿಗೂ ಹೇಳಿಕೊಳ್ಳುವ ನಂಟು ಕಾಣಲಿಲ್ಲ. ಗೊಬ್ಬರದ ಗುಂಡಿ ಪಕ್ಕ ಒಂಟಿಯಾಗಿ ನಿಂತ ಗಿಡವೂ ದಪ್ಪ ತೆನೆ ಬಿಡುತ್ತದೆ, ಅಲ್ವಾ? ಮೇಲಾಗಿ ಜೋಳದ ಪರಾಗ ಗಾಳಿಯಲ್ಲಿ ಬರುವಂಥದ್ದು. ತೆನೆಯ ತಾಯಿ ಗೊತ್ತು, ಕಾಳುಗಳ ತಂದೆ ಯಾರೋ!

1908ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ ಇದರ ಗುಟ್ಟು ಬಿಡಿಸಿದರು. ತನ್ನದೇ ಪರಾಗ ಕೊಡುತ್ತಾ ಹೋದರೆ ಜೋಳ ಸೊರಗುತ್ತದೆ. ಹಾಗೆ ಸೊರಗಿದ ಎರಡು ತಳಿ ಕೂಡಿಸಿದರೆ ಮಗು ಗಟ್ಟಿ. ಹೈಬ್ರಿಡ್ ಹುಟ್ಟಿದ್ದು ಹೀಗೆ. ನಮ್ಮಲ್ಲಿ 1957ರಲ್ಲಿ ದೇಶಮಟ್ಟದ ಮುಸುಕಿನ ಜೋಳದ ಯೋಜನೆ ಶುರುವಾಯಿತು, 1961ರಲ್ಲಿ ಮೊದಲ ಹೈಬ್ರಿಡ್‌ಗಳು ಬಂದವು.

ಆದರೆ ಸಾವಿರಾರು ಗಿಡಗಳಲ್ಲಿ ಯಾವುದನ್ನು ಆರಿಸುವುದು? ಎತ್ತರ, ತೆನೆಯ ಉದ್ದ, ಸುತ್ತಳತೆ, ಸಾಲಿಗೆ ಎಷ್ಟು ಕಾಳು, ನೂರು ಕಾಳಿನ ತೂಕ, ಎಲ್ಲವನ್ನೂ ಅಳೆದರು. ಎತ್ತರದ ಗಿಡಕ್ಕೆ ಇಳುವರಿ ಜಾಸ್ತಿ ಅಂತ ಎಷ್ಟೋ ಪ್ರಯೋಗಗಳಲ್ಲಿ ಬಂತು. ಜೊತೆಗೆ ಬಂದದ್ದೆಲ್ಲ ಕಾರಣವೇ? ಅಮೆರಿಕದ ತಳಿವಿಜ್ಞಾನಿ ಸೂವಲ್ ರೈಟ್ 1921ರಲ್ಲಿ ಒಂದು ಲೆಕ್ಕ ಕೊಟ್ಟಿದ್ದರು: ಒಂದು ಗುಣ ನೇರವಾಗಿ ಕೊಡುವುದೆಷ್ಟು, ಬೇರೆ ಗುಣದ ಹೆಗಲೇರಿ ಬಂದದ್ದೆಷ್ಟು ಎಂದು ಬಿಡಿಸುವ ಲೆಕ್ಕ. ಬೆಳೆ ತಳಿಗಾರರು ಅದನ್ನು ಹಿಡಿದದ್ದು 1959ರ ನಂತರ. ಹೀಗೆ ಬಿಡಿಸಿದಾಗ ಎತ್ತರದ ಪಾಲು ಎಷ್ಟೋ ಸಲ ಕರಗಿಹೋಗುತ್ತದೆ. ಸಾಲಿನಲ್ಲಿರುವ ಕಾಳು, ಕಾಳಿನ ತೂಕ ಉಳಿಯುತ್ತವೆ.

ಮೆಕ್ಸಿಕೋದಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಸಿಕ್ಕಿತು. ಉದ್ದುದ್ದ ಬೆಳೆಯುವ ಒಂದು ಜೋಳವನ್ನು 15 ಸುತ್ತು ಆರಿಸಿ ಆರಿಸಿ ಗಿಡ್ಡ ಮಾಡಿದರು. ಇಳುವರಿ ಇಳಿಯಲಿಲ್ಲ, ಏರಿತು! ಗಿಡ ಗಾಳಿಗೆ ಒರಗುವುದು ಕಡಿಮೆಯಾಯಿತು, ಒತ್ತಾಗಿ ಬಿತ್ತಬಹುದಾಯಿತು.

ಮಳೆ ನಂಬಿದ ಹೊಲದಲ್ಲಿ ನೋಡಬೇಕಾದ್ದು ಇನ್ನೊಂದಿದೆ. ಮೇಲೆ ಗಂಡು ಹೂ ಪುಡಿ ಉದುರಿಸಿದ ಎಷ್ಟು ದಿನಕ್ಕೆ ತೆನೆಯಲ್ಲಿ ಆ ಪುಡಿ ಹಿಡಿಯುವ ನೂಲು ಬಂತು? ನೀರು ಸಾಲದಿದ್ದರೆ ನೂಲು ತಡವಾಗುತ್ತದೆ. ಅಷ್ಟರಲ್ಲಿ ಪುಡಿ ಮುಗಿದಿದ್ದರೆ, ಆಳೆತ್ತರದ ಗಿಡದಲ್ಲೂ ಸಿಪ್ಪೆ ಸುಲಿದಾಗ ಸಿಗುವುದು ಬರೀ ದಿಂಡು.