ಡ್ಯಾಕ್: ಅಂಕಿಗಳು ಹಾಡಾಗುವ ಜಾಗ

ಬಳ್ಳಾರಿಯ ಸಾಧಾರಣ ಮನೆಯೊಂದರಲ್ಲಿ ಇಂದು ಹುಡುಕಿದರೆ ನಾಲ್ಕೈದು ಡ್ಯಾಕ್‌ಗಳಾದರೂ ಸಿಗುತ್ತವೆ. ಮೊಬೈಲಿನಲ್ಲಿ ಒಂದು, ಟೀವಿಯಲ್ಲಿ ಒಂದು, ಲ್ಯಾಪ್‌ಟಾಪಿನಲ್ಲಿ ಒಂದು, ಮಕ್ಕಳ ಬ್ಲೂಟೂತ್ ಇಯರ್‌ಫೋನಿನಲ್ಲಿ ಕಿವಿಗೊಂದರಂತೆ ಎರಡು. ಆದರೂ ಈ ಹೆಸರು ಕೇಳಿದವರು ಕಡಿಮೆ. ಕೇಳಿದವರಲ್ಲೂ ಅನೇಕರು ಅದನ್ನು ಹಾಡಿಗೆ ರುಚಿ ಬೆರೆಸುವ ದುಬಾರಿ ಪೆಟ್ಟಿಗೆ ಎಂದುಕೊಂಡಿದ್ದಾರೆ. ಈ ತಪ್ಪು ತಿಳಿವಳಿಕೆಯಿಂದ ಜನ ದುಡ್ಡು ಕಳೆದುಕೊಳ್ಳುತ್ತಿರುವುದನ್ನು ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಪೂರ್ಣ ಹೆಸರು ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಅಂಕಿಗಳ ರೂಪದಲ್ಲಿರುವ ಧ್ವನಿಯನ್ನು ಏರಿಳಿಯುವ ವೋಲ್ಟೇಜ್ ಆಗಿ ಮಾರ್ಪಡಿಸುವುದು ಅದರ ಕೆಲಸ. ಆ ವೋಲ್ಟೇಜನ್ನು ಆಂಪ್ಲಿಫೈಯರ್ ಬಲಪಡಿಸುತ್ತದೆ, ಸ್ಪೀಕರಿನ ಕೋನ್ ಅದಕ್ಕೆ ತಕ್ಕಂತೆ ಅಲುಗಿ ಗಾಳಿಯನ್ನು ನೂಕುತ್ತದೆ, ನಮಗೆ ಹಾಡು ಕೇಳಿಸುತ್ತದೆ. ಗ್ರಾಮಫೋನ್ ತಟ್ಟೆಗೂ ಕ್ಯಾಸೆಟ್ಟಿಗೂ ಡ್ಯಾಕ್ ಬೇಕಿರಲಿಲ್ಲ. ಅಲ್ಲಿ ಧ್ವನಿ ಕೊನೆಯವರೆಗೂ ಅಲೆಯಾಗಿಯೇ ಇರುತ್ತಿತ್ತು. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಾಗ ಡ್ಯಾಕ್ ಹಾಡಿನ ಜೊತೆ ಜನಸಾಮಾನ್ಯರ ಮನೆಯೊಳಗೆ ಕಾಲಿಟ್ಟಿತು.

ತುಂಗಭದ್ರಾ ಜಲಾಶಯದ ನೀರಿನ ಮಟ್ಟ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಬರುವುದನ್ನು ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರು ಕಾದು ಓದುತ್ತಾರೆ. ಗರಿಷ್ಠ ಮಟ್ಟ 1,633 ಅಡಿ. ಇಂದು ಇಷ್ಟು, ನಿನ್ನೆ ಇಷ್ಟಿತ್ತು. ಆ ಅಂಕಿಗಳನ್ನು ಗ್ರಾಫ್ ಕಾಗದದ ಮೇಲೆ ಚುಕ್ಕೆಗಳಾಗಿ ಗುರುತಿಸಿ ಗೆರೆ ಎಳೆದರೆ ಜಲಾಶಯ ತುಂಬಿದ ಬಗೆ ಕಣ್ಣಿಗೆ ಕಟ್ಟುತ್ತದೆ. ಧ್ವನಿಮುದ್ರಣದಲ್ಲಿ ನಡೆಯುವುದೂ ಇದೇ. ಮೈಕ್‌ನಿಂದ ಬಂದ ವೋಲ್ಟೇಜಿನ ಮಟ್ಟವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಸಿ.ಡಿ.ಯಲ್ಲಿ ಇರುವುದು ಆ ಪಟ್ಟಿ ಮಾತ್ರ. ಪಟ್ಟಿಯನ್ನು ಓದಿ ಗೆರೆ ಎಳೆಯುವ ಕೆಲಸ ಡ್ಯಾಕ್‌ನದು.

ನೀರು ನಿಧಾನವಾಗಿ ಏರುವುದರಿಂದ ಜಲಾಶಯಕ್ಕೆ ದಿನಕ್ಕೊಂದು ಅಳತೆ ಸಾಕು. ಧ್ವನಿಗೆ ಎಷ್ಟು ಬೇಕು? ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಬಗ್ಗೆ ಬರೆದ ಲೇಖನದಲ್ಲಿ ಇದರ ಬೀಜವಿದೆ. ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತದ ಪ್ರಮೇಯವಾಗಿ ಮುಂದಿಟ್ಟರು. ಒಂದು ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ಅಲೆಯನ್ನು ಪೂರ್ತಿಯಾಗಿ ಮರಳಿ ಪಡೆಯಬಹುದು. ಪೂರ್ತಿಯಾಗಿ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಎಳೆಯರ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್, ಎಂದರೆ ಸೆಕೆಂಡಿಗೆ 20,000 ಕಂಪನ; ವಯಸ್ಸಾದಂತೆ ಅದು ಇಳಿಯುತ್ತದೆ. 44,100ರ ಅರ್ಧ 22,050. ಆದ್ದರಿಂದ ಕಿವಿಗೆ ಬೇಕಾದುದೆಲ್ಲ ಆ ಪಟ್ಟಿಯೊಳಗೆ ಅಡಗುತ್ತದೆ.

ಜಾಹೀರಾತುಗಳು ಗೊಂದಲ ಹುಟ್ಟಿಸುವುದು ಇಲ್ಲೇ. ಮೆಟ್ಟಿಲು ಮೆಟ್ಟಿಲಾದ ಒಂದು ಗೆರೆಯನ್ನೂ ಪಕ್ಕದಲ್ಲಿ ನಯವಾದ ಇನ್ನೊಂದು ಗೆರೆಯನ್ನೂ ಬಿಡಿಸಿ, ಮೊದಲನೆಯದು ಸಾಮಾನ್ಯ ಡಿಜಿಟಲ್, ಎರಡನೆಯದು ನಮ್ಮ ಹೊಸ ತಂತ್ರಜ್ಞಾನ ಎಂದು ತೋರಿಸುತ್ತಾರೆ. ಡ್ಯಾಕ್‌ನಿಂದ ಹೊರಬರುವ ಅಲೆಯಲ್ಲಿ ಮೆಟ್ಟಿಲುಗಳಿರುವುದಿಲ್ಲ. ಅಳತೆಯ ಚುಕ್ಕೆಗಳ ಮೂಲಕ ಹಾಯ್ದುಹೋಗುವ, 22,050 ಹರ್ಟ್ಸ್‌ ದಾಟದ ಗೆರೆ ಒಂದೇ ಒಂದು. ಮೇಲಿನ ಕಂಪನಗಳನ್ನು ಸೋಸಿ ಆ ಗೆರೆಯನ್ನು ಕೊಡಲೆಂದೇ ಡ್ಯಾಕ್‌ನೊಳಗೆ ಫಿಲ್ಟರ್ ಇರುತ್ತದೆ. 10,000 ಹರ್ಟ್ಸ್‌ನ ಶುದ್ಧ ಸ್ವರವನ್ನು ತೆಗೆದುಕೊಳ್ಳಿ. ಅದರ ಒಂದೊಂದು ಅಲೆಗೆ ಐದು ಚುಕ್ಕೆಗಳೂ ಪೂರ್ತಿ ಇರುವುದಿಲ್ಲ. ಆದರೂ ಡ್ಯಾಕ್‌ನ ಹೊರದಾರಿಗೆ ಆಸಿಲೋಸ್ಕೋಪ್ ಜೋಡಿಸಿ ನೋಡಿದರೆ ಪರದೆಯ ಮೇಲೆ ಕಾಣುವುದು ನುಣುಪಾದ ಅಲೆಯೇ. ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವಿರುವ ಯಾವ ಕಾಲೇಜಿನಲ್ಲಿ ಬೇಕಾದರೂ ಇದನ್ನು ಪರೀಕ್ಷಿಸಬಹುದು.

ಎಷ್ಟು ಸಲ ಅಳೆಯಬೇಕು ಎಂಬುದು ಒಂದು ಲೆಕ್ಕವಾದರೆ, ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಎಂಬುದು ಇನ್ನೊಂದು. ಅದನ್ನು ಬಿಟ್‌ಗಳಲ್ಲಿ ಹೇಳುತ್ತಾರೆ. 16 ಬಿಟ್ ಎಂದರೆ ಅಳತೆಪಟ್ಟಿಯಲ್ಲಿ 65,536 ಗೆರೆಗಳು. 24 ಬಿಟ್ ಎಂದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಸಿಗುವುದರಿಂದ, 16 ಬಿಟ್‌ನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಗಟ್ಟಿ ಧ್ವನಿಗಳ ನಡುವೆ 96 ಡೆಸಿಬೆಲ್ ಅಂತರ ದಕ್ಕುತ್ತದೆ. ಇದು ಕಡಿಮೆಯೇ? ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯ ಯಾವುದಾದರೂ ಮನೆಯಲ್ಲಿ ಕೂತು ಯೋಚಿಸಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಫ್ಯಾನ್ ನಿಲ್ಲಿಸುವ ಮಾತೇ ಇಲ್ಲ. ಜೋರಾಗಿ ತಿರುಗುವ ಫ್ಯಾನಿನ ಸದ್ದೇ 40ರಿಂದ 50 ಡೆಸಿಬೆಲ್ ಇರುತ್ತದೆ. ಅದಕ್ಕಿಂತ ಮೆಲ್ಲನೆಯ ಧ್ವನಿ ಬಹುಪಾಲು ಅದರಲ್ಲೇ ಮುಳುಗುತ್ತದೆ. ಅದರ ಮೇಲೆ 96 ಡೆಸಿಬೆಲ್ ಏರಿಸಿದರೆ ಕಿವಿಗೆ ನೋವಾಗುವ ಮಟ್ಟವನ್ನೂ ಮೀರುತ್ತದೆ. ಕೇಳುವುದಕ್ಕಷ್ಟೇ ಆದರೆ 16 ಬಿಟ್ ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆಟ್ಟಿಗೆಯ ಮೇಲೆ 32 ಬಿಟ್, 768 ಕಿಲೋಹರ್ಟ್ಸ್ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದ್ದರೆ ಆ ಸಾಲಿಗೆ ಹೆಚ್ಚುವರಿ ದುಡ್ಡು ಕೊಡಬೇಡಿ.

ಒಳಗಿನ ಚಿಪ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಲೆಕ್ಕ ಹಾಕಿದ ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸಿ ಒಂದೊಂದು ಬಿಟ್ಟಿಗೂ ಅದರ ಪಾಲಿನ ವೋಲ್ಟೇಜ್ ಕೊಡುವುದು ಹಳೆಯ ಕ್ರಮ. ಕೆಲವೇ ಬಿಟ್‌ಗಳನ್ನು ಅತಿ ವೇಗವಾಗಿ ಹರಿಸಿ, ಅದರ ಗದ್ದಲವನ್ನು ಕಿವಿಗೆ ಕೇಳದ ಎತ್ತರಕ್ಕೆ ತಳ್ಳಿ, ಆಮೇಲೆ ಸೋಸುವ ಡೆಲ್ಟಾ ಸಿಗ್ಮಾ ಕ್ರಮ ಈಗ ಎಲ್ಲೆಡೆ ಬಳಕೆಯಲ್ಲಿದೆ. ಫಿಲಿಪ್ಸ್ ತನ್ನ ಮೊದಲ ಸಿ.ಡಿ. ಪ್ಲೇಯರ್‌ಗಳಲ್ಲಿ 14 ಬಿಟ್‌ನ ಚಿಪ್ಪನ್ನೇ ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ 16 ಬಿಟ್‌ನ ಫಲ ಪಡೆದಿತ್ತು. ಆ ಜಾಣ್ಮೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಇವತ್ತು ಫೋನಿನ ಸಿ ಬಗೆಯ ತೂತಿಗೆ ಸಿಕ್ಕಿಸುವ ಬೆರಳುದ್ದದ ಇಯರ್‌ಫೋನ್ ಅಡಾಪ್ಟರಿನೊಳಗೆ ಕೂಡ ಸಾಮಾನ್ಯವಾಗಿ ಡೆಲ್ಟಾ ಸಿಗ್ಮಾ ಡ್ಯಾಕ್ ಕೂತಿರುತ್ತದೆ, ಒಳ್ಳೆಯದಾಗಿದ್ದರೆ ಕಿವಿ ತಪ್ಪು ಹುಡುಕಲಾರದಷ್ಟು ಶುದ್ಧವಾಗಿ ಕೆಲಸ ಮಾಡುತ್ತದೆ.

ಕಂಪ್ಯೂಟರನ್ನು ಹಾಡಿನ ಪೆಟ್ಟಿಗೆಯಾಗಿ ಬಳಸುವವರು ಡ್ಯಾಕನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸುತ್ತಾರೆ. ಅಂಕಿಗಳು ಸರಿಯಾಗಿರುವುದರ ಜೊತೆಗೆ ಸರಿಯಾದ ಹೊತ್ತಿಗೆ ವೋಲ್ಟೇಜ್ ಆಗಬೇಕು. ಹೊತ್ತು ತಪ್ಪುವುದಕ್ಕೆ ಜಿಟರ್ ಎನ್ನುತ್ತಾರೆ. ಇಂದಿನ ಬಹುತೇಕ ಡ್ಯಾಕ್‌ಗಳು ತಮ್ಮದೇ ಗಡಿಯಾರ ಇಟ್ಟುಕೊಂಡು, ಅಂಕಿಗಳನ್ನು ಬೇಕಾದಾಗ ಬೇಕಾದಷ್ಟು ಕೇಳಿ ಪಡೆಯುತ್ತವೆ. ಹೀಗಾಗಿ ಕಂಪ್ಯೂಟರಿನ ಗಡಿಬಿಡಿ ಹಾಡಿನವರೆಗೆ ಬರುವುದಿಲ್ಲ. ಇದನ್ನು ತಿಳಿದ ಮೇಲೆ ಸಾವಿರಾರು ರೂಪಾಯಿಯ ಯು.ಎಸ್.ಬಿ. ತಂತಿಯ ಬಗ್ಗೆ ಮೋಹ ಉಳಿಯಬಾರದು. ತಂತಿ ಕೆಟ್ಟಿದ್ದರೆ ಹಾಡು ತುಂಡಾಗುತ್ತದೆ, ನಡುನಡುವೆ ಟಿಕ್ ಎನ್ನುತ್ತದೆ. ಕೆಟ್ಟಿಲ್ಲದಿದ್ದರೆ ಅಂಕಿಗಳು ಇದ್ದಂತೆಯೇ ತಲುಪುತ್ತವೆ. ತಂತಿಯಿಂದಾಗಿ ತಂಬೂರಿ ಮಂಕಾಗುವುದಕ್ಕೂ ಹೊಳೆಯುವುದಕ್ಕೂ ಅಲ್ಲಿ ಎಡೆಯಿಲ್ಲ.

ನನ್ನ ಡ್ಯಾಕ್‌ನ ಮುಂಭಾಗದಲ್ಲಿ ಬಂದ ಅಂಕಿಗಳ ವೇಗ ತೋರಿಸುವ ಪುಟ್ಟ ಪರದೆಯಿದೆ. ಸಿ.ಡಿ.ಯಿಂದ ತೆಗೆದ ಹಾಡನ್ನು ಫೋನಿನಿಂದ ನುಡಿಸಿದರೆ ಅದು 44.1 ಎನ್ನಬೇಕು, 48 ಎನ್ನುತ್ತದೆ. ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಹಾಡು, ಸಂದೇಶದ ಟಿಣ್ ಸದ್ದು ಎಲ್ಲವನ್ನೂ 48,000ದ ಲೆಕ್ಕಕ್ಕೆ ಬದಲಿಸಿಕೊಂಡು ಬೆರೆಸಿ ಕಳಿಸುತ್ತವೆ. ವಿಂಡೋಸ್ ಕೂಡ ಹೀಗೆಯೇ ಬೆರೆಸುತ್ತದೆ. ಪ್ಲೇಯರ್ ತಂತ್ರಾಂಶದಲ್ಲಿ ಎಕ್ಸ್‌ಕ್ಲೂಸಿವ್ ಮೋಡ್ ಆರಿಸಿದರೆ ಮಾತ್ರ ಅಂಕಿಗಳನ್ನು ಮುಟ್ಟದೆ ಬಿಡುತ್ತದೆ. ಈ ಬದಲಾವಣೆಯನ್ನು ಕೇಳಿ ಗುರುತಿಸುವುದು ಕಷ್ಟ. ಆದರೆ ಹಾಡಿನ ನಡುವೆ ವಾಟ್ಸಾಪ್ ಸದ್ದು ನುಗ್ಗದಿರುವುದೇ ದೊಡ್ಡ ಲಾಭ.

ನಮ್ಮ ಭಾಗದಲ್ಲಿ ನಿಜವಾಗಿ ಕಾಡುವ ತೊಂದರೆ ಬೇರೆ ಇದೆ, ಅದು ಅರ್ಥಿಂಗ್. ಗೆಳೆಯರೊಬ್ಬರ ಮನೆಯಲ್ಲಿ ಲ್ಯಾಪ್‌ಟಾಪ್, ಡ್ಯಾಕ್, ಆಂಪ್ಲಿಫೈಯರ್ ಎಲ್ಲ ಜೋಡಿಸಿದರೆ ಹಾಡಿನ ಹಿಂದೆ ಗುಂಯ್ ಎಂಬ ನಾದ ನಿಲ್ಲದೆ ಕೇಳುತ್ತಿತ್ತು. ಡ್ಯಾಕ್ ಕೆಟ್ಟಿದೆ ಎಂದು ಅವರು ಹೊಸದು ಕೊಳ್ಳಲು ಹೊರಟಿದ್ದರು. ಲ್ಯಾಪ್‌ಟಾಪಿನ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಮೆಲ್ಲನೆ ಸವರಿದರೆ ಜುಮ್ಮೆನ್ನುತ್ತಿತ್ತು. ಚಾರ್ಜರ್ ಕಿತ್ತ ಕ್ಷಣವೇ ಗುಂಯ್ ಸದ್ದು ನಿಂತಿತು. ಚಾರ್ಜರಿನಿಂದ ಅಲ್ಪ ಪ್ರಮಾಣದ ವಿದ್ಯುತ್ ಸದಾ ಸೋರುತ್ತಿರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಯು.ಎಸ್.ಬಿ. ತಂತಿ ಹಿಡಿದು ಆಂಪ್ಲಿಫೈಯರಿನತ್ತ ಹೊರಡುತ್ತದೆ. ನಮ್ಮ ಸರಬರಾಜಿನ ವಿದ್ಯುತ್ತು 50 ಹರ್ಟ್ಸ್‌ನದು. ಆ ಗುಂಯ್ ಎಂಬುದು ಆ 50ರ ಮತ್ತು ಅದರ ಗುಣಕಗಳ ಸದ್ದು. ಬಂಡೆ ನೆಲದ ಬಳ್ಳಾರಿಯಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಗುಂಡಿಯ ಮಣ್ಣು ಒಣಗಿ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹಾಕಬೇಕು, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು. ಅರ್ಥಿಂಗ್ ಇದ್ದೂ ಗುಂಯ್ ಎನ್ನುವುದುಂಟು. ಲ್ಯಾಪ್‌ಟಾಪ್ ಒಂದು ಕಡೆ, ಆಂಪ್ಲಿಫೈಯರ್ ಇನ್ನೊಂದು ಕಡೆ ನೆಲಕ್ಕೆ ಜೋಡಿಕೊಂಡು ನಡುವೆ ಸುತ್ತು ಏರ್ಪಟ್ಟಾಗ ಹೀಗಾಗುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹಳ ಸಲ ಗುಣವಾಗುತ್ತದೆ. ಕೆಲವರು ಪ್ಲಗ್ಗಿನ ಮೂರನೆಯ ಪಿನ್ನನ್ನೇ ಮುರಿದು ಸದ್ದು ನಿಲ್ಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ. ಬೆಳಕಿನ ಮೂಲಕ ಅಂಕಿ ಸಾಗಿಸುವ ಆಪ್ಟಿಕಲ್ ತಂತಿ ಬಳಸಿದರೆ ವಿದ್ಯುತ್ ಸಂಬಂಧವೇ ಇರುವುದಿಲ್ಲ.

ನಿಸ್ತಂತು ವಿಧಾನಗಳಿಗೂ ಈ ಗುಣವಿದೆ, ಕಂಪ್ಯೂಟರಿಗೂ ಆಂಪ್ಲಿಫೈಯರಿಗೂ ತಂತಿಯ ನಂಟು ಇರುವುದಿಲ್ಲ. ಆದರೆ ಬ್ಲೂಟೂತ್ ಮತ್ತು ವೈ-ಫೈ ಒಂದೇ ಅಲ್ಲ. ಸಿ.ಡಿ.ಯ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಎಲ್ಲ ಬ್ಲೂಟೂತ್ ಸ್ಪೀಕರುಗಳಿಗೂ ಗೊತ್ತಿರಲೇಬೇಕಾದ ಎಸ್.ಬಿ.ಸಿ. ಎಂಬ ಸಂಕೋಚನ ಕ್ರಮ ಸಾಮಾನ್ಯವಾಗಿ ಕೊಡುವುದು ಹೆಚ್ಚೆಂದರೆ 328. ಸೋನಿಯ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ; ಹೆಸರಿನಲ್ಲಿ ಡ್ಯಾಕ್ ಇದ್ದರೂ ಅದು ಸಂಕೋಚನ ಕ್ರಮವೇ ಹೊರತು ನಾವು ಮಾತಾಡುತ್ತಿರುವ ಡ್ಯಾಕ್ ಅಲ್ಲ. ಫೋನು ಮೊದಲೇ ಕುಗ್ಗಿಸಿದ ಹಾಡನ್ನು ಬಿಡಿಸಿ, ಮತ್ತೆ ಕುಗ್ಗಿಸಿ ಬ್ಲೂಟೂತ್‌ಗೆ ಕೊಡುತ್ತದೆ. ವೈ-ಫೈಯಲ್ಲಿ ಹಾಗೆ ಕುಗ್ಗಿಸುವ ಅಗತ್ಯವಿಲ್ಲ. ಸ್ಟ್ರೀಮರ್ ಎಂಬ ಪೆಟ್ಟಿಗೆಗೆ ಫೋನಿನಿಂದ ಈ ಹಾಡು ನುಡಿಸು ಎಂಬ ಆದೇಶ ಮಾತ್ರ ಹೋಗುತ್ತದೆ, ಹಾಡನ್ನು ಅದೇ ನೇರವಾಗಿ ಇಂಟರ್ನೆಟ್ಟಿನಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ತರಿಸಿಕೊಳ್ಳುತ್ತದೆ. ಫೋನ್ ಕರೆ ಬಂದರೂ ಹಾಡು ನಿಲ್ಲುವುದಿಲ್ಲ.

2012ರಲ್ಲಿ ಬಂದ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಡ್ಯಾಕ್ ಹಲಗೆಯೊಂದನ್ನು ಸಿಕ್ಕಿಸಿ, ವಾಲ್ಯೂಮಿಯೋದಂಥ ಉಚಿತ ತಂತ್ರಾಂಶ ಹಾಕಿದರೆ ಸ್ಟ್ರೀಮರ್ ಮನೆಯಲ್ಲೇ ತಯಾರಾಗುತ್ತದೆ. ಹಗುರ ಕೆಲಸವಾದ್ದರಿಂದ ಅದಕ್ಕೆ ಫ್ಯಾನ್ ಬೇಕಾಗಿಲ್ಲ. ಸಂಡೂರಿನ ಕಡೆ ಅದಿರಿನ ಕೆಂಧೂಳು ಹಾರುವ ಊರುಗಳಲ್ಲಿ ಫ್ಯಾನಿಲ್ಲದ ಯಂತ್ರಕ್ಕೆ ಬಾಳಿಕೆ ಹೆಚ್ಚು. ಹಳೆಯ ಮಾಳಿಗೆ ಮನೆಗಳಲ್ಲಿ ಇರುವವರು ಒಂದು ಮಾತು ಗಮನಿಸಬೇಕು. ಮೊಳದಗಲದ ಕಲ್ಲುಮಣ್ಣಿನ ಗೋಡೆಗಳನ್ನು ದಾಟುವಾಗ 5 ಗಿಗಾಹರ್ಟ್ಸ್‌ನ ವೈ-ಫೈ ಬೇಗ ಸೊರಗುತ್ತದೆ, 2.4 ಗಿಗಾಹರ್ಟ್ಸ್ ಸ್ವಲ್ಪ ಹೆಚ್ಚು ದೂರ ಬರುತ್ತದೆ. ಪಡಸಾಲೆಯಲ್ಲಿ ರೂಟರ್, ಒಳಕೋಣೆಯಲ್ಲಿ ಸ್ಟ್ರೀಮರ್ ಇದ್ದರೆ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ.

ಹಾಗಾದರೆ ಬೇರೆ ಡ್ಯಾಕ್ ಯಾರಿಗೆ ಬೇಕು? ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಲ್ಲಿ ಮೌಸ್ ಅಲುಗಿಸಿದಾಗ ಕಿರಿಕಿರಿ ಸದ್ದು ಕೇಳುವವರಿಗೆ, ಹಳೆಯ ಒಳ್ಳೆಯ ಆಂಪ್ಲಿಫೈಯರ್ ಇದ್ದು ಅದಕ್ಕೆ ಡಿಜಿಟಲ್ ದಾರಿ ಇಲ್ಲದವರಿಗೆ. ಉಳಿದವರು ಆ ದುಡ್ಡನ್ನು ಸ್ಪೀಕರಿಗೂ ಕೋಣೆಗೂ ಹಾಕಲಿ. ಕಡಪ ಬಂಡೆಯ ನೆಲ, ಬೋಳು ಗೋಡೆ, ಆರ್‌ಸಿಸಿ ತಾರಸಿ ಇರುವ ಕೋಣೆಯಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಝಣಝಣ ಎಂದು ಮರಳುತ್ತದೆ. ಅಲ್ಲಿ ದಪ್ಪ ಜಮಖಾನೆ ಹಾಸಿ, ಎದುರು ಗೋಡೆಗೆ ಪುಸ್ತಕದ ಕಪಾಟು ಇಟ್ಟರೆ ಆಗುವ ವ್ಯತ್ಯಾಸವನ್ನು ಯಾವ ಡ್ಯಾಕ್ ಕೂಡ ಮಾಡಲಾರದು.

ಡ್ಯಾಕ್‌ನ ಎದುರು ದಿಕ್ಕಿನ ಕೆಲಸ ಮಾಡುವುದು ಎ.ಡಿ.ಸಿ., ಅಲೆಯನ್ನು ಅಂಕಿಯಾಗಿಸುವ ಸಾಧನ. ನಮ್ಮ ಜಿಲ್ಲೆಗಳಿಗೆ ಇದು ತುರ್ತಾಗಿ ಬೇಕಾಗಿದೆ. ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ, ಸುಭದ್ರಮ್ಮ ಮನ್ಸೂರರ ರಂಗಗೀತೆ, ದರೋಜಿ ಈರಮ್ಮನವರ ಬುರ್ರಕಥೆ ಕೇಳಿ ಬೆಳೆದ ಮನೆಗಳಲ್ಲಿ, ಯಾವುದೋ ಜಾತ್ರೆಯಲ್ಲೋ ಬಯಲಾಟದಲ್ಲೋ ಯಾರೋ ಮುದ್ರಿಸಿಕೊಂಡ ಕ್ಯಾಸೆಟ್‌ಗಳು ಟ್ರಂಕಿನಲ್ಲಿ ಉಳಿದಿರಬಹುದು. ಬಿಸಿಲಿಗೆ ಟೇಪು ಹಾಳಾಗುತ್ತಲೇ ಇರುತ್ತದೆ. ಕ್ಯಾಸೆಟ್ ಡೆಕ್‌ನ ಲೈನ್ ಔಟ್‌ನಿಂದ ಎ.ಡಿ.ಸಿ. ಇರುವ ಯು.ಎಸ್.ಬಿ. ಆಡಿಯೋ ಇಂಟರ್‌ಫೇಸಿಗೆ ಜೋಡಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಟ್ಟು ಮುದ್ರಿಸಿಕೊಳ್ಳಿ. 24 ಬಿಟ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ: ಮಟ್ಟವನ್ನು 10-12 ಡೆಸಿಬೆಲ್ ಕೆಳಗಿಟ್ಟು ಮುದ್ರಿಸಿದರೂ ಮೆಲುದನಿ ಕಳೆದುಹೋಗುವುದಿಲ್ಲ, ಹಾರ್ಮೋನಿಯಂ ದಿಢೀರನೆ ಏರಿದರೂ ಧ್ವನಿ ಒಡೆಯುವುದಿಲ್ಲ. ಒಂದಂಶವನ್ನೂ ಕಳೆಯದೆ ಗಾತ್ರ ಕುಗ್ಗಿಸುವ ಫ್ಲ್ಯಾಕ್ ಮಾದರಿಯಲ್ಲಿ ಉಳಿಸಿ. ಅದು 2001ರಿಂದ ಉಚಿತವಾಗಿ ಲಭ್ಯವಿದೆ. ಟೇಪಿನ ಹಿಸ್ ಸದ್ದು ತೆಗೆಯುವುದಾದರೆ ಬೇರೆ ಪ್ರತಿಯಲ್ಲಿ ತೆಗೆಯಿರಿ, ಮೊದಲ ಫೈಲನ್ನು ಮುಟ್ಟದೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ.