ಉರಿದ ಇಂಧನದಲ್ಲಿ ಉಳಿದದ್ದೆಷ್ಟು?

ಮದ್ದೂರಿನ ಹತ್ತಿರ ನೆಂಟರ ಆಲೆಮನೆಯಲ್ಲಿ ಕೂತಿದ್ದೆ. ಅವರ ಮಗ ಕೇಳಿದ: "ಮಾವ, ಅಣುಸ್ಥಾವರದಲ್ಲಿ ಉರಿದ ಇಂಧನಾನ ಆಮೇಲೆ ಎಲ್ಲಿ ಬಿಸಾಕ್ತೀರ?" ಒಲೆಗೆ ಒಣ ರಚ್ಚು ತುಂಬುತ್ತಿದ್ದವರನ್ನು ತೋರಿಸಿ, "ಹಿಂಡಿದ ಕಬ್ಬನ್ನ ನೀವು ಬಿಸಾಕ್ತೀರೇನಪ್ಪ?" ಎಂದೆ.

ಉರಿದ ಇಂಧನದಿಂದ ಮತ್ತೆ ಬಳಸಬಲ್ಲದ್ದನ್ನು ಬೇರ್ಪಡಿಸುವ ಮರುಸಂಸ್ಕರಣೆಯಲ್ಲೇ ವೃತ್ತಿ ಕಳೆದ ನನಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಕ್ಕಿಲ್ಲ. ಕೈಗಾದಂಥ 220 ಮೆಗಾವಾಟ್ ಸ್ಥಾವರದ ಇಂಧನದ ಒಂದು ಕಟ್ಟು ಅರ್ಧ ಮೀಟರ್ ಉದ್ದ. 19 ಸರಳು, ಸುಮಾರು 15 ಕೆ.ಜಿ. ಯುರೇನಿಯಂ ಆಕ್ಸೈಡ್. ಹೊರತೆಗೆದಾಗ ಅದರಲ್ಲಿ ನಿಜಕ್ಕೂ ಬೂದಿಯಾಗಿರುವುದು ನೂರು ಗ್ರಾಂ ಆಸುಪಾಸು. ಐವತ್ತು ಗ್ರಾಂ ಚಿಲ್ಲರೆ ಪ್ಲುಟೋನಿಯಂ ಹೊಸದಾಗಿ ಹುಟ್ಟಿರುತ್ತದೆ. ಮಿಕ್ಕಿದ್ದೆಲ್ಲ ಯುರೇನಿಯಮ್ಮೇ.

ಆದರೆ ರಚ್ಚಿನಂತೆ ಇದನ್ನು ಬಿಸಿಲಿಗೆ ಹರವಲಾಗದು. ಕೆಲವು ವರ್ಷ ನೀರಿನ ಕೊಳದಲ್ಲಿಡಬೇಕು. ನೀರು ಶಾಖ ಹೀರುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಆಮೇಲೆ ದಪ್ಪ ಗೋಡೆಯಾಚೆ ಯಂತ್ರಗಳಿಂದಲೇ ತುಂಡರಿಸಿ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಯುರೇನಿಯಂ, ಪ್ಲುಟೋನಿಯಂ ಬೇರ್ಪಡಿಸುತ್ತೇವೆ. ಟ್ರಾಂಬೆಯಲ್ಲಿ ಈ ಕೆಲಸ 1964ರಲ್ಲೇ ಶುರುವಾಯಿತು. ನಂತರ ತಾರಾಪುರ, ಕಲ್ಪಾಕಂ. ಪ್ಲುಟೋನಿಯಂ ಹೋಗುವುದು ಕಲ್ಪಾಕಂನ 500 ಮೆಗಾವಾಟಿನ ಸ್ಥಾವರದಂಥ, ಉರಿಯುತ್ತಲೇ ಹೊಸ ಇಂಧನ ಹುಟ್ಟಿಸುವ ಫಾಸ್ಟ್ ಬ್ರೀಡರ್‌ಗಳಿಗೆ. ಬೂದಿಯಿಂದಲೂ ಸೀಸಿಯಂ ತೆಗೆದು, ಆಸ್ಪತ್ರೆಗಳಲ್ಲಿ ರಕ್ತಕ್ಕೆ ವಿಕಿರಣ ಕೊಡುವ ಯಂತ್ರಗಳಿಗೆ ಬಳಸುತ್ತಾರೆ.

ಉಳಿದ ಬೂದಿಯನ್ನು ಬೊರೊಸಿಲಿಕೇಟ್ ಗಾಜಿನಲ್ಲಿ ಬೆರೆಸಿ ಕರಗಿಸಿ ಸ್ಟೀಲ್ ಡಬ್ಬಿಗೆ ಎರೆಯುತ್ತಾರೆ. ಅದರಲ್ಲಿರುವ ವಿಕಿರಣ ಧಾತುಗಳಾದ ಸೀಸಿಯಂ-137, ಸ್ಟ್ರಾನ್ಷಿಯಂ-90 ಸುಮಾರು 30 ವರ್ಷಕ್ಕೆ ಅರ್ಧವಾಗುತ್ತವೆ. 300 ವರ್ಷಕ್ಕೆ ಸಾವಿರದಲ್ಲೊಂದು ಪಾಲು. ಶ್ರೀರಂಗಪಟ್ಟಣದ ಕೋಟೆ ಬಿದ್ದದ್ದು 1799ರಲ್ಲಿ, ಅದಕ್ಕೇ ಇನ್ನೂ ಅಷ್ಟು ವರ್ಷವಾಗಿಲ್ಲ. ಪ್ಲುಟೋನಿಯಂ ಸಮೇತ ಹೂತರಂತೂ ಅದು ಅರ್ಧವಾಗಲಿಕ್ಕೇ 24,000 ವರ್ಷ ಬೇಕು.

ಮರುಸಂಸ್ಕರಣೆ ಇದ್ದಮೇಲೆ ಹೂಳುವ ಜಾಗವೇ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಾಜಿನಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಧಾತು ಉಳಿದಿರುತ್ತದೆ. ಅದರ ಅರ್ಧಾಯುಷ್ಯ 432 ವರ್ಷ. ಫಿನ್ಲೆಂಡ್ ತನ್ನ ಇಂಧನಕ್ಕೆ 400 ಮೀಟರಿಗೂ ಆಳದ ಬಂಡೆಯಲ್ಲಿ ಜಾಗ ಕೊರೆದಿದೆ. ನಮ್ಮ ಕೋಲಾರದ ಗಣಿಯಲ್ಲೂ 1980ರ ದಶಕದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ ಹೀಟರ್ ಇಟ್ಟು, ಬಂಡೆ ಶಾಖವನ್ನು ಹೇಗೆ ತಡೆದುಕೊಳ್ಳುತ್ತದೆಂದು ನೋಡಿದರು. ಅಲ್ಲಿ ತ್ಯಾಜ್ಯ ಇಟ್ಟಿರಲಿಲ್ಲ. ಊರಿನವರಿಗೆ ಇದನ್ನು ಆಗಲೇ ಬಿಡಿಸಿ ಹೇಳಿದ್ದರೆ ಮುಂದೆ ಗಣಿಯಲ್ಲಿ ತ್ಯಾಜ್ಯ ಹೂಳುತ್ತಾರೆಂಬ ಭಯ ಅಷ್ಟು ಹುಟ್ಟುತ್ತಿರಲಿಲ್ಲ.

ಹುಡುಗ ಕೊಪ್ಪರಿಗೆ ನೋಡುತ್ತಲೇ ಇನ್ನೊಂದು ಕೇಳಿದ: "ಆ ಗಾಜು ಯಾವಾಗ ಆರುತ್ತೆ ಮಾವ?"

"ಹತ್ತಾರು ವರ್ಷ ಬಿಸಿ ಇರುತ್ತೆ. ಅದಕ್ಕೇ ಹೂಳೋಕೆ ಮುಂಚೆ ತಾರಾಪುರದಲ್ಲಿ ಗಾಳಿಯಾಡೋ ಕಟ್ಟಡದಲ್ಲಿ ಇಟ್ಟು ಕಾಯ್ತಾರೆ."