ಎಣ್ಣೆ ಸೋರದಂತೆ ತಡೆಯುವುದೂ ಎಣ್ಣೆಯೇ

ಯಂತ್ರದ ತಿರುಗುವ ದಂಡ, ಅಂದರೆ ಶಾಫ್ಟು, ಹೊರಬರುವ ಜಾಗದಲ್ಲಿ ಎಣ್ಣೆ ಸೋರದಂತೆ ಹಾಕುವ ಉಂಗುರವೇ ಸೀಲು. ಅದು ಶಾಫ್ಟನ್ನು ಎಷ್ಟು ಬಿಗಿಯಾಗಿ ಹಿಡಿದರೆ ಅಷ್ಟು ಒಳ್ಳೆಯದು ಅಂತ ಬಹಳ ಜನ ನಂಬಿದ್ದಾರೆ. ಬಾಗಲಕೋಟೆ ಕಡೆಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲೂ ಇದೇ ಮಾತು, ಆಲಮಟ್ಟಿ ಹಿನ್ನೀರಿನಲ್ಲಿ ಬೋಟು ಓಡಿಸುವವರಲ್ಲೂ ಇದೇ ಮಾತು. ಇದು ತಪ್ಪು. ಶಾಫ್ಟು ತಿರುಗುವಾಗ ಒಳ್ಳೆಯ ಸೀಲು ಅದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ.

ಸ್ಟರ್ನ್‌ಡ್ರೈವ್ ಬೋಟಿನ ಎಂಜಿನ್ ಒಳಗಡೆ, ಹಿಂಬದಿಯಲ್ಲಿ ಇರುತ್ತದೆ. ಗೇರುಗಳಿರುವ ಕಾಲು ಮಾತ್ರ ಹೊರಗೆ ನೀರಿಗೆ ಇಳಿದಿರುತ್ತದೆ. ಇದನ್ನು ಯೋಚಿಸಿದವನು ಅಮೆರಿಕದ ಜಿಮ್ ವಿನ್. ವೋಲ್ವೊ ಪೆಂಟಾ ಕಂಪನಿ 1959ರಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಕಾಲಿನ ಒಳಗೆ ಗೇರ್ ಆಯಿಲ್, ಹೊರಗೆ ನೀರು. ಪ್ರೊಪೆಲ್ಲರ್ ಶಾಫ್ಟು ಹೊರಬರುವ ಜಾಗದಲ್ಲಿ ಇವೆರಡನ್ನೂ ಬೇರೆ ಮಾಡುವುದು ರಬ್ಬರ್ ತುಟಿಯ ಉಂಗುರಗಳು, ಅಷ್ಟೆ.

ಬಿಗಿ ಮಾಡುವ ನಂಬಿಕೆ ಎಲ್ಲಿಂದ ಬಂತು ಅನ್ನುವುದು ಸುಲಭವಾಗಿ ತಿಳಿಯುತ್ತದೆ. ಹಳೆಯ ನೀರಿನ ಪಂಪುಗಳಲ್ಲಿ ಶಾಫ್ಟಿನ ಸುತ್ತ ಗ್ರೀಸು ಹಚ್ಚಿದ ಹಗ್ಗ ಸುತ್ತಿ, ಆ ಹಗ್ಗವನ್ನು ಒತ್ತಿ ಹಿಡಿಯುವ ಗ್ಲ್ಯಾಂಡ್ ನಟ್ ತಿರುಗಿಸುತ್ತಿದ್ದರು. ಸೋರಿಕೆ ಹೆಚ್ಚಾದರೆ ಇನ್ನೊಂದು ಸುತ್ತು. 1930ರ ದಶಕದಲ್ಲಿ ಆಸ್ಟ್ರಿಯಾದ ವಾಲ್ಟರ್ ಸಿಮ್ಮರ್ ರೂಪಿಸಿದ ತುಟಿ ಸೀಲು ಹರಡತೊಡಗಿತು. ಮೊದಲು ಚರ್ಮದ್ದು, ಆಮೇಲೆ ಕೃತಕ ರಬ್ಬರಿನದು. ಸೀಲು ಬದಲಾಯಿತು, ನಟ್ ತಿರುಗಿಸುವ ಬುದ್ಧಿ ಹಾಗೇ ಉಳಿಯಿತು.

ಈ ತುಟಿಯ ಕೆಲಸ ನನಗೆ ಬಹಳ ಇಷ್ಟ. ತುಟಿಯ ಹಿಂದೆ ಸಣ್ಣ ಸ್ಪ್ರಿಂಗ್ ಇದೆ, ಅದು ಮೆಲ್ಲಗೆ ಒತ್ತುತ್ತದೆ. ಶಾಫ್ಟು ತಿರುಗಿದ ಕೂಡಲೇ ತುಟಿಯ ಅಡಿಗೆ ಎಣ್ಣೆಯ ಪೊರೆ ಬರುತ್ತದೆ. ದಪ್ಪ ಸುಮಾರು ಮಿಲಿಮೀಟರಿನ ಸಾವಿರದ ಒಂದು ಪಾಲು. ಎಣ್ಣೆ ಅಲ್ಲಿಯವರೆಗೆ ಬಂದಿದೆ ಅಂದಮೇಲೆ ಹೊರಗೇಕೆ ಹರಿಯುವುದಿಲ್ಲ? ತುಟಿಯ ಎರಡೂ ಬದಿ ಒಂದೇ ತೆರನಾಗಿಲ್ಲ. ಎಣ್ಣೆಯ ಕಡೆ ಕಡಿದಾಗಿದೆ, ಇನ್ನೊಂದು ಕಡೆ ಇಳಿಜಾರು. ಹಾಗಾಗಿ ಒತ್ತಡ ಎಣ್ಣೆಯ ಕಡೆಯ ಅಂಚಿನಲ್ಲಿ ಜಾಸ್ತಿ. ತಿರುಗುವ ಶಾಫ್ಟು ರಬ್ಬರನ್ನು ಎಳೆದಾಗ ಅದರ ಮೇಲಿನ ಅತಿ ಸಣ್ಣ ಉಬ್ಬುಗಳು ಓರೆಯಾಗಿ ವಾಲುತ್ತವೆ. ಓರೆಯಾಗಿ ಹಿಡಿದ ಕುಂಟೆ ಮಣ್ಣನ್ನು ಒಂದೇ ಮಗ್ಗುಲಿಗೆ ತಳ್ಳುವಂತೆ ಈ ಉಬ್ಬುಗಳು ಎಣ್ಣೆಯನ್ನು ಒಳಕ್ಕೇ ತಳ್ಳುತ್ತವೆ. ಸೀಲು ಒಂದು ಪುಟ್ಟ ಪಂಪು. ತಿರುವುಮುರುವು ಕೂರಿಸಿದರೆ ಅದೇ ಪಂಪು ಎಣ್ಣೆಯನ್ನು ಹೊರಕ್ಕೆ ಹಾಕುತ್ತದೆ.

ಇದಕ್ಕೇ ಸ್ಪ್ರಿಂಗನ್ನು ಕತ್ತರಿಸಿ ಚಿಕ್ಕದು ಮಾಡಿ ತುಟಿಯನ್ನು ಬಿಗಿ ಮಾಡಬಾರದು. ಬಿಗಿಯಾದರೆ ಪೊರೆ ಹಿಂಡಿಹೋಗುತ್ತದೆ, ರಬ್ಬರ್ ಕಾದು ಗಟ್ಟಿಯಾಗಿ ಸೀಳುತ್ತದೆ.

ಹೊಸ ಸೀಲು ಹಾಕಿದ ಮೇಲೂ ಬೇಗ ಸೋರಿದರೆ ಬೋಟಿಗೆ ದೃಷ್ಟಿ ಬಿದ್ದಿದೆ ಅಂತ ನಿಂಬೆಹಣ್ಣು ಕಟ್ಟುವವರಿದ್ದಾರೆ. ಇದು ನನಗೆ ಚಿಂತೆಯ ವಿಷಯ, ಯಾಕೆಂದರೆ ಕಾರಣ ಉಗುರಿಗೇ ಸಿಗುತ್ತದೆ. ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ. ರಬ್ಬರಿನಂಥ ಮೆತ್ತನೆಯದು ಸ್ಟೀಲನ್ನು ಸವೆಸುತ್ತದೆಯೇ? ಹೌದು, ಮರಳಿನ ಕಣ ತುಟಿಯಲ್ಲಿ ಹುದುಗಿದರೆ ಅದೇ ಅರದಂತೆ ಉಜ್ಜುತ್ತದೆ. ಮಳೆಗಾಲದಲ್ಲಿ ಕೃಷ್ಣೆ ಮಣ್ಣು ಹೊತ್ತು ಬರುತ್ತಾಳೆ, ಅಲ್ವಾ? ಇನ್ನೊಂದು ದೊಡ್ಡ ಕಾರಣ ಮೀನಿನ ನೈಲಾನ್ ದಾರ. ಪ್ರೊಪೆಲ್ಲರ್ ಹಿಂದೆ ಸುತ್ತಿಕೊಂಡು ಸೀಲಿನೊಳಗೆ ನುಗ್ಗಿ ತುಟಿಯನ್ನು ಕೊಯ್ಯುತ್ತದೆ.

ನೀರು ಒಳಗೆ ಬರುವುದು ಓಡುವಾಗಲೇ ಅಂತೇನಿಲ್ಲ. ಓಡಿ ಬಿಸಿಯಾದ ಗೇರ್ ಕಾಲು ನಿಂತ ಮೇಲೆ ತಣ್ಣಗಾಗಿ, ಒಳಗಿನ ಗಾಳಿ ಎಣ್ಣೆ ಎರಡೂ ಕುಗ್ಗುತ್ತವೆ. ಹಾಳಾದ ಸೀಲಿನ ಮೂಲಕ ನೀರು ಒಳಕ್ಕೆ ಸೆಳೆಯಲ್ಪಡುತ್ತದೆ. ಆಮೇಲೆ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ಸಣ್ಣ ನೀರಹನಿಗಳು ಬೆಳಕನ್ನು ಚದುರಿಸುವುದರಿಂದ.

ರಿಪೇರಿಗೆ ಮೊದಲು ಸೋರುವ ಜಾಗ ಹುಡುಕಬೇಕು. ಎಣ್ಣೆ ಪೂರ್ತಿ ಇಳಿಸಿ, ಕೈಪಂಪಿನಿಂದ 10-12 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಒತ್ತಡದ ಅಳತೆ) ಗಾಳಿ ಕೊಟ್ಟು ಸೋಪಿನ ನೀರು ಹಚ್ಚಿ. ಶಾಫ್ಟನ್ನು ಕೈಯಿಂದ ತಿರುಗಿಸುತ್ತಾ ನೋಡಿ, ಒಂದು ಬದಿಯಲ್ಲೇ ಸವೆದಿದ್ದರೆ ಆಗಲೇ ಗುಳ್ಳೆ ಏಳುತ್ತದೆ. ಸುಮ್ನೆ ಒತ್ತಡ ಏರಿಸಬೇಡಿ, ಒಳ್ಳೆಯ ಸೀಲೂ ಹಾರಿಹೋಗಬಹುದು. ಎಣ್ಣೆ ಇಳಿಸುವ ಸ್ಕ್ರೂವಿನ ವಾಷರನ್ನೂ ನೋಡಿ. ಎಷ್ಟೋ ಸಲ ತಪ್ಪು ಅಲ್ಲೇ ಇರುತ್ತದೆ.

ಪ್ರೊಪೆಲ್ಲರ್ ಶಾಫ್ಟಿಗೆ ಸಾಮಾನ್ಯವಾಗಿ ಎರಡು ಸೀಲು. ಒಳಗಿನದರ ತುಟಿ ಎಣ್ಣೆಯ ಕಡೆ, ಹೊರಗಿನದರ ತುಟಿ ನೀರಿನ ಕಡೆ. ನಡುವೆ ಗ್ರೀಸು. ಎರಡನ್ನೂ ಒಂದೇ ಮುಖಕ್ಕೆ ಕೂರಿಸುವುದೇ ಹೆಚ್ಚಿನ ತಪ್ಪು. ಗೀರು ಬಿದ್ದಿದ್ದರೆ ಶಾಫ್ಟಿನ ಮೇಲೆ ತೆಳುವಾದ ಸ್ಟೀಲ್ ಕೊಳವೆ (ಸ್ಲೀವ್) ಏರಿಸಿ, ಇಲ್ಲವೇ ಜಾಗ ಇದ್ದರೆ ಸೀಲನ್ನು ಗೀರು ತಪ್ಪಿಸಿ ಕೂರಿಸಿ. ತುಟಿಗೆ ಎಣ್ಣೆ ಹಚ್ಚದೆ ಒಣಗಿದ್ದಾಗ ಕೂರಿಸಬೇಡಿ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ತುಂಬಿ, ಮೇಲಿನ ರಂಧ್ರದಲ್ಲಿ ಗುಳ್ಳೆ ಇಲ್ಲದೆ ಬರುವವರೆಗೆ. ಮೊದಲ ಓಟ ಮುಗಿದು ರಾತ್ರಿ ನಿಂತ ಮೇಲೆ, ಬೆಳಿಗ್ಗೆ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಇದ್ದರೆ ಅದೇ ಮೊದಲು ಬರುತ್ತದೆ.